ಒರತೆಯ ನೀರೂ ಬಾಟಲಿಯ ನೀರೂ

(ಹಂಗಳದಲ್ಲಿ ಸೇರಿದ್ದ ಕೆಲಸಗಾರರ ಮತ್ತು ಚಿಲ್ಲರೆ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)

ಹಂಗಳದ ಬಂಧುಗಳೆ, ಗುಂಡ್ಲುಪೇಟೆಯಿಂದಲೂ ಚಾಮರಾಜನಗರದಿಂದಲೂ ಬಂದಿರುವ ಗಿರಣಿ ಕೆಲಸಗಾರ ಮಿತ್ರರೆ, ಅಂಗಡಿಯ ಬಾಗಿಲು ಹಾಕಿ ಬಂದು ಕುಳಿತಿರುವ ವ್ಯಾಪಾರಿ ಸೋದರರೆ, ಮನೆಯಲ್ಲಿ ನೀರು ತುಂಬಿಟ್ಟು ಬಂದಿರುವ ತಾಯಂದಿರೆ,

ಈ ದಿನ ನಾವು ಕುಡಿಯುವ ನೀರಿನ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ನಿಂತಿದ್ದೇವೆ. ನೀರಿನ ಬಗ್ಗೆ ಭಾಷಣವೇನು ಬಂತು, ನಲ್ಲಿ ಬಂದರೆ ಸಾಕು ಎಂದು ಯಾರಾದರೂ ಅಂದುಕೊಂಡರೆ ಅದು ತಪ್ಪಲ್ಲ. ಆದರೆ ಈ ಊರಿನ ಮುಂದೆ ನಿಂತು ಒಮ್ಮೆ ಕಣ್ಣು ಬಿಟ್ಟು ನೋಡಿ. ರಸ್ತೆ ಇಲ್ಲಿ ಕವಲಾಗುತ್ತದೆ. ಒಂದು ಬಂಡೀಪುರದ ಕಾಡು ಹಾಯ್ದು ಊಟಿಗೆ ಹೋಗುತ್ತದೆ. ಇನ್ನೊಂದು ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಬುಡಕ್ಕೆ ಹೋಗುತ್ತದೆ. ರಸ್ತೆಯ ಪಕ್ಕದ ಅಂಗಡಿಗಳಲ್ಲಿ ನೀರಿನ ಬಾಟಲಿಗಳನ್ನು ಸಾಲಾಗಿ ಜೋಡಿಸಿದ್ದಾರೆ. ಬಾಟಲಿಯ ಮೇಲಿನ ಚೀಟಿಯಲ್ಲಿ ಒಂದು ನೀಲಿ ಬೆಟ್ಟ, ಬೆಟ್ಟದಿಂದ ಧುಮುಕುವ ಒಂದು ಝರಿ. ಅಂಗಡಿಯ ಹಿಂದೆ ನೋಡಿದರೆ ನಿಜವಾದ ಬೆಟ್ಟ. ಬಾಟಲಿಯ ಮೇಲಿನ ಬೆಟ್ಟ ಯಾವ ಸೀಮೆಯದೆಂದು ಮಾರುವವನಿಗೂ ಗೊತ್ತಿಲ್ಲ, ಕೊಳ್ಳುವವನಿಗೂ ಗೊತ್ತಿಲ್ಲ. ಆದರೂ ಆ ಚಿತ್ರಕ್ಕೆ ನಾವು ದುಡ್ಡು ಕೊಡುತ್ತೇವೆ. ಬೆಟ್ಟದ ನೀರು ಒಳ್ಳೆಯದು ಎಂಬ ನಂಬಿಕೆ ನಮ್ಮ ರಕ್ತದಲ್ಲೇ ಇದೆ. ವ್ಯಾಪಾರ ಮಾಡುವವನು ಆ ನಂಬಿಕೆಯನ್ನೇ ಬಾಟಲಿಗೆ ತುಂಬಿ ಮಾರುತ್ತಾನೆ.

ಆ ನಂಬಿಕೆ ಎಷ್ಟು ಸರಿ, ಎಷ್ಟು ತಪ್ಪು ಎಂಬುದನ್ನು ಹೇಳುವ ಮೊದಲು ನಮ್ಮದೇ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕು.

ನಾವು ಮೇಷ್ಟರ ಕೆಲಸದಲ್ಲಿದ್ದ ಕಾಲದ ಮಾತು. ಬೇಸಿಗೆಯ ಮೊದಲಲ್ಲಿ ನಾಲ್ಕನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ಒಂದು ಗುಡ್ಡದ ಬದಿಗೆ ಹೋಗಿದ್ದೆವು. ಊರಿನ ಹೆಸರು ಇಲ್ಲಿ ಬೇಡ. ಬಂಡೆಯ ಸಂದಿನಲ್ಲಿ ಒಂದು ಒರತೆ. ನೀರು ಕನ್ನಡಿಯ ಹಾಗೆ ತಿಳಿಯಾಗಿತ್ತು, ಮುಟ್ಟಿದರೆ ಮಂಜಿನ ಹಾಗೆ ತಣ್ಣಗಿತ್ತು. ಮಕ್ಕಳು ನಮ್ಮ ಮುಖ ನೋಡಿದವು. ‘ಕುಡೀರಿ ಮಕ್ಕಳೆ, ಇದಕ್ಕಿಂತ ಒಳ್ಳೆಯ ನೀರು ಎಲ್ಲೂ ಸಿಗೋದಿಲ್ಲ’ ಎಂದೆವು. ನಾವೂ ಬೊಗಸೆ ತುಂಬ ಕುಡಿದೆವು. ಎರಡು ದಿನ ಕಳೆಯುವಷ್ಟರಲ್ಲಿ ಮೂರು ಮಕ್ಕಳಿಗೆ ವಾಂತಿಭೇದಿ ಹತ್ತಿತು. ಒಂದು ಹೆಣ್ಣು ಮಗು ನಾಲ್ಕು ದಿನ ಆಸ್ಪತ್ರೆಯಲ್ಲಿ ಕೈಗೆ ಸೂಜಿ ಚುಚ್ಚಿಸಿಕೊಂಡು ಮಲಗಿತ್ತು. ಅದರ ತಂದೆ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವ ಹಮಾಲಿ. ನಾಲ್ಕು ದಿನದ ಕೂಲಿ ಬಿಟ್ಟು ಆಸ್ಪತ್ರೆಯ ಜಗುಲಿಯಲ್ಲಿ ಕುಳಿತಿದ್ದ. ನಾವು ಹೋದಾಗ ಎದ್ದು ನಿಂತು ಕೈ ಮುಗಿದ. ಬೈಯಲಿಲ್ಲ. ‘ಮೇಷ್ಟ್ರೆ, ನೀವೇ ಕುಡೀರಿ ಅಂದ್ರಂತೆ, ನಿಜವಾ?’ ಎಂದು ಕೇಳಿದ, ಅಷ್ಟೇ.

ಆ ಮಗು ಬದುಕಿತು. ಆದರೆ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಮರುವಾರ ಆ ಗುಡ್ಡವನ್ನು ಮತ್ತೆ ಹತ್ತಿದೆವು. ಒರತೆಯಿಂದ ಒಂದು ಕಲ್ಲೆಸೆತದಷ್ಟು ಮೇಲಕ್ಕೆ ದನ ನಿಲ್ಲುವ ತಗ್ಗು, ಅದರಾಚೆ ಜನ ಬಯಲಿಗೆ ಕೂರುವ ಜಾಗ. ಅಲ್ಲಿ ಇಂಗಿದ್ದು ಬಂಡೆಯ ಬಿರುಕಿನಲ್ಲಿ ಇಳಿದು ಇಲ್ಲಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮಕ್ಕಳಿಗೆ ಪಾಠ ಹೇಳಲು ಹೋದ ನಾವು ಪಾಠ ಕಲಿತು ಬಂದೆವು. ಯಾವ ನೀರನ್ನೇ ಆಗಲಿ ಕುಡಿಯುವ ಮೊದಲು, ಕುಡಿಸುವ ಮೊದಲು, ಮೂರು ಪ್ರಶ್ನೆ ಕೇಳಬೇಕು. ಈ ನೀರು ಹುಟ್ಟಿದ್ದೆಲ್ಲಿ? ಹಾದು ಬಂದದ್ದು ಯಾವ ದಾರಿಯಲ್ಲಿ? ಇದರ ಬಾಯಿ ಯಾರ ಕೈಯಲ್ಲಿದೆ?

ಮೊದಲನೆಯ ಪ್ರಶ್ನೆ ಹುಟ್ಟಿನದು.

ಊಟೆ ಎನ್ನಿ, ಒಸರು ಎನ್ನಿ, ಒರತೆ ಎನ್ನಿ, ಎಲ್ಲವೂ ಒಂದೇ. ಮಳೆಯಾಗಿ ಬಿದ್ದ ನೀರು ಹುಲ್ಲಿನ ಬೇರು ಹಿಡಿದು ಮಣ್ಣಿಗೆ ಇಳಿಯುತ್ತದೆ. ಮಣ್ಣಿನಿಂದ ಕೊಳೆತ ಕಲ್ಲಿಗೆ, ಕೊಳೆತ ಕಲ್ಲಿನಿಂದ ಬಂಡೆಯ ಬಿರುಕಿಗೆ ಇಳಿಯುತ್ತದೆ. ಕೆಳಗೆ ಗಟ್ಟಿ ಬಂಡೆ ಅಡ್ಡ ಬಂದಾಗ ಪಕ್ಕಕ್ಕೆ ಹರಿದು, ಇಳಿಜಾರಿನಲ್ಲಿ ಎಲ್ಲಿ ಬಾಯಿ ಸಿಕ್ಕುತ್ತದೋ ಅಲ್ಲಿ ಹೊರಗೆ ಬರುತ್ತದೆ. ಇದರಲ್ಲಿ ಪವಾಡವಿಲ್ಲ. ಬಡವನ ಮನೆಯ ಹೆಂಗಸು ಸುಗ್ಗಿಯಲ್ಲಿ ಬಂದ ರಾಗಿಯನ್ನು ವಾಡೆಗೆ ತುಂಬಿ ವರ್ಷವೆಲ್ಲ ಸೇರು ಸೇರಾಗಿ ತೆಗೆಯುವ ಹಾಗೆ, ಬೆಟ್ಟ ಮಳೆಗಾಲದ ನೀರನ್ನು ಹೊಟ್ಟೆಯಲ್ಲಿಟ್ಟುಕೊಂಡು ಬೇಸಿಗೆಯಲ್ಲಿ ಹನಿಹನಿಯಾಗಿ ಕೊಡುತ್ತದೆ.

ನಮ್ಮ ತಾಲ್ಲೂಕಿಗೆ ಈ ವಾಡೆ ಎಷ್ಟು ಮುಖ್ಯವೆಂಬುದನ್ನು ನಾವು ಹೇಳಬೇಕಾಗಿಲ್ಲ. ಮುಂಗಾರು ಮಳೆ ವಯನಾಡಿನಲ್ಲಿಯೂ ನೀಲಗಿರಿಯಲ್ಲಿಯೂ ಧೋ ಎಂದು ಸುರಿದು, ಬೆಟ್ಟ ದಾಟಿ ನಮ್ಮ ಕಡೆಗೆ ಬರುವಾಗ ಬಸವಳಿದಿರುತ್ತದೆ. ನಾವು ಮಳೆಯ ನೆರಳಿನ ಜನ. ಗೋಪಾಲಸ್ವಾಮಿ ಬೆಟ್ಟವೋ ೧,೪೫೪ ಮೀಟರು ಎತ್ತರದಲ್ಲಿ ಮಂಜನ್ನು ಹಿಡಿದು ನಿಂತಿದೆ. ಅದರ ನೆತ್ತಿಯಲ್ಲಿ ಹುಲ್ಲು, ಕಣಿವೆಯಲ್ಲಿ ಮರ. ಬೆಟ್ಟದ ಸುತ್ತ ಎಪ್ಪತ್ತೇಳು ತೀರ್ಥಗಳಿವೆಯೆಂದು ಪ್ರತೀತಿ. ಹಂಸತೀರ್ಥದಲ್ಲಿ ಮುಳುಗಿದ ಕಾಗೆ ಹಂಸವಾಯಿತೆಂದೂ, ಅಂದಿನಿಂದ ಬೆಟ್ಟದಲ್ಲಿ ಕಾಗೆಯೇ ಇಲ್ಲವೆಂದೂ ಅಜ್ಜಿಯರು ಹೇಳುವುದನ್ನು ನೀವೆಲ್ಲ ಕೇಳಿದ್ದೀರಿ. ಕಥೆಯನ್ನು ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ಆದರೆ ಒರತೆಯನ್ನು ತೀರ್ಥವೆಂದು ಕರೆದ ಹಿರಿಯರಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು. ಆ ಬಾಯಿಯನ್ನು ಹೊಲಸು ಮಾಡಬಾರದು, ಮುಚ್ಚಬಾರದು.

ಇದು ನಮ್ಮ ಸೀಮೆಯೊಂದರ ಬುದ್ಧಿಯಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಮ್ಮ ಪವಿತ್ರ ತಾಣಗಳಲ್ಲಿ ದೇವರು, ಮಾರಮ್ಮ, ವೀರರ ಜೊತೆಗೆ ನೀರಿನ ತಾಣವಾದ ‘ಅಬ್ಬಿ’ಯನ್ನೂ ಎಣಿಸುತ್ತಾರೆ. ತುಮಕೂರು ಸೀಮೆಯಲ್ಲಿ ಹೊಳೆಯ ಮರಳನ್ನು ತೋಡಿ ಒರತೆಯನ್ನು ಕಾಲುವೆಗೆ ಹರಿಸುವ ‘ತಲಪರಿಗೆ’ಗಳಿದ್ದವು. ರೈತರು ಸೇರಿ ಹೂಳು ತೆಗೆದು ನೀರನ್ನು ಪಾಲು ಹಾಕಿಕೊಳ್ಳುತ್ತಿದ್ದರು. ಕಾಸರಗೋಡು, ಪುತ್ತೂರು, ಬಂಟ್ವಾಳದ ಕಡೆ ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದು, ಒಸರುವ ನೀರನ್ನು ಮೋಟಾರಿಲ್ಲದೆ ಅಂಗಳಕ್ಕೆ ತರುತ್ತಾರೆ. ಅವುಗಳಲ್ಲಿ ಎಷ್ಟೋ ಇಂದಿಗೂ ಕುಡಿಯಲು ನೀರು ಕೊಡುತ್ತಿವೆ. ಕತ್ತಲೆಯಲ್ಲಿ ದೀಪ ಇಟ್ಟುಕೊಂಡು, ಕೂತು ನಡೆಯಲೂ ಜಾಗವಿಲ್ಲದ ಸಂದಿನಲ್ಲಿ ಗುದ್ದಲಿ ಹಿಡಿದು ಕೊರೆದವರು ನಮ್ಮಂಥ ಕೂಲಿಗಾರರೇ. ಒರತೆಯ ನೀರು ಪ್ರಕೃತಿಯ ದಾನವೆಂಬುದು ಅರ್ಧ ನಿಜ. ಉಳಿದರ್ಧ ಮನುಷ್ಯನ ದುಡಿಮೆ, ಮನುಷ್ಯನ ಕಟ್ಟುಪಾಡು.

ಇಂದು ಆ ವಾಡೆಗೆ ಎರಡು ಕಡೆಯಿಂದ ಕನ್ನ ಬಿದ್ದಿದೆ. ೨೦೧೯ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡಿಗೆ ಬೆಂಕಿ ಬಿದ್ದು, ಗೋಪಾಲಸ್ವಾಮಿ ಬೆಟ್ಟದ ವಲಯವೂ ಸೇರಿ ಸಾವಿರಾರು ಎಕರೆ ಸುಟ್ಟುಹೋಯಿತು. ಅದರ ಹೊಗೆಯನ್ನು ನೀವು ಮನೆಯ ಬಾಗಿಲಲ್ಲಿ ನಿಂತು ನೋಡಿದಿರಿ. ಹುಲ್ಲು ಸುಟ್ಟ ನೆಲ ಗಟ್ಟಿಯಾಗುತ್ತದೆ. ಮುಂದಿನ ಮಳೆ ಅಲ್ಲಿ ಇಂಗುವುದಿಲ್ಲ, ಮಣ್ಣು ತೊಳೆದುಕೊಂಡು ಓಡುತ್ತದೆ. ‘ಕಾಡಿಗೆ ಬೆಂಕಿ ಬಿದ್ದರೆ ಅರಣ್ಯ ಇಲಾಖೆಯವರಿಗೆ ನಷ್ಟ, ನಮಗೇನು?’ ಎಂಬ ಮಾತನ್ನು ನಾವು ಕಿವಿಯಾರೆ ಕೇಳಿದ್ದೇವೆ. ಸ್ವಾಮಿ, ಸುಡುವುದು ನಮ್ಮ ವಾಡೆ. ಇನ್ನೊಂದು ಕನ್ನ ಕೆಳಗಿನಿಂದ. ಬಯಲಿನಲ್ಲಿ ಕೊಳವೆಬಾವಿಗಳು ಒಂದರ ಪಕ್ಕ ಒಂದು ಇಳಿಯುತ್ತಿವೆ. ಇನ್ನೂರು ಅಡಿಗೆ ಸಿಗುತ್ತಿದ್ದ ನೀರನ್ನು ಹುಡುಕಿಕೊಂಡು ಸಾವಿರ ಅಡಿಗೆ ಹೋದವರಿದ್ದಾರೆ. ರೈತನನ್ನು ನಾವು ದೂರುವುದಿಲ್ಲ. ಅರಿಸಿನವೋ ಚೆಂಡುಹೂವೋ ಈರುಳ್ಳಿಯೋ ಬೆಳೆದು ಸಾಲ ತೀರಿಸಬೇಕಾದವನು ಬೇರೆ ಏನು ಮಾಡಬೇಕು? ಆದರೆ ತುಂಬುವುದಕ್ಕಿಂತ ತೆಗೆಯುವುದು ಹೆಚ್ಚಾದರೆ ಯಾವ ವಾಡೆಯೂ ಬರಿದಾಗುತ್ತದೆ.

ಬರಿದಾದದ್ದು ತುಂಬುವುದೇ ಇಲ್ಲವೇ? ತುಂಬುತ್ತದೆ. ನೀತಿ ಆಯೋಗದವರು ೨೦೧೮ರಲ್ಲಿ ಒಂದು ವರದಿ ಹೊರಡಿಸಿದರು. ದೇಶದಲ್ಲಿ ಸುಮಾರು ಐವತ್ತು ಲಕ್ಷ ಒರತೆಗಳಿವೆ, ಅದರಲ್ಲಿ ಮೂವತ್ತು ಲಕ್ಷದಷ್ಟು ಹಿಮಾಲಯದಲ್ಲಿವೆ, ಆ ಹಿಮಾಲಯದ ಒರತೆಗಳಲ್ಲಿ ಅರ್ಧದಷ್ಟು ಬತ್ತುತ್ತಿವೆ ಎಂದು ಅದರಲ್ಲಿ ಹೇಳಿದೆ. ಆದರೆ ಅದೇ ಹಿಮಾಲಯದ ಸಿಕ್ಕಿಂ ರಾಜ್ಯದಲ್ಲಿ ೨೦೦೮ರಿಂದ ಹಳ್ಳಿಯ ಜನರಿಗೆ ಉದ್ಯೋಗ ಖಾತರಿಯ ಕೂಲಿ ಕೊಟ್ಟು, ಒರತೆಯ ಮೇಲ್ಭಾಗದ ಇಳಿಜಾರಿನಲ್ಲಿ ಗುಂಡಿ, ಕಂದಕ ತೋಡಿಸಿದರು. ಮಳೆಯ ನೀರು ಓಡದೆ ನಿಂತಿತು, ನಿಂತದ್ದು ಇಂಗಿತು, ಬತ್ತಿದ್ದ ಒರತೆಗಳು ಎಷ್ಟೋ ಕಡೆ ಮತ್ತೆ ಹರಿದವು. ಕೆಲಸ ಕೊಟ್ಟ ಹಾಗೂ ಆಯಿತು, ನೀರು ಬಂದ ಹಾಗೂ ಆಯಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಬೆಟ್ಟದ ಮೇಲಿನ ಒರತೆಗೆ ಕೊಳವೆ ಹಾಕಿ ಊರಿಗೆ ತನ್ನಿ ಎಂದು ನಾವು ಕೇಳುತ್ತಿಲ್ಲ. ೧೯೭೩ರಿಂದ ಬಂಡೀಪುರ ಹುಲಿ ಸಂರಕ್ಷಣೆಯ ಕಾಡು. ಆ ನೀರಿಗೆ ಆನೆಯಿದೆ, ಜಿಂಕೆಯಿದೆ. ಅವುಗಳ ಬಾಯಿಯಿಂದ ಕಿತ್ತರೆ ಅವು ನಮ್ಮ ಹೊಲಕ್ಕೆ ಬರುತ್ತವೆ. ಬೆಟ್ಟ ತನ್ನ ಪಾಲನ್ನು ನಮಗೆ ನೆಲದೊಳಗಿನಿಂದಲೇ ಕಳಿಸುತ್ತದೆ. ಅದು ನಮ್ಮ ಕೆರೆಯಲ್ಲಿ, ಬಾವಿಯಲ್ಲಿ ಕಾಣಿಸಿಕೊಳ್ಳುತ್ತದೆ. ಬೆಟ್ಟ ಹಸಿರಾಗಿದ್ದರೆ ಪಾಲು ಬರುತ್ತದೆ, ಬೋಳಾದರೆ ಬರುವುದಿಲ್ಲ.

ಎರಡನೆಯ ಪ್ರಶ್ನೆ ದಾರಿಯದು.

ತಿಳಿಯಾದ ನೀರೆಲ್ಲ ಶುದ್ಧವಲ್ಲ. ರುಚಿಯಾದ ನೀರೆಲ್ಲ ಒಳ್ಳೆಯದಲ್ಲ. ಇದನ್ನು ಲಂಡನ್ ಪಟ್ಟಣದವರು ಹೆಣ ಹೊತ್ತು ಕಲಿತರು. ೧೮೫೪ರಲ್ಲಿ ಅಲ್ಲಿ ಬ್ರಾಡ್ ಸ್ಟ್ರೀಟ್ ಎಂಬ ಬೀದಿಯಲ್ಲಿ ಒಂದು ಕೈಪಂಪಿನ ಬಾವಿಯಿತ್ತು. ಅದರ ನೀರು ಸಿಹಿಯೆಂದು ಹೆಸರಾಗಿತ್ತು. ಬೇರೆ ಬಡಾವಣೆಗೆ ಮನೆ ಬದಲಾಯಿಸಿದ ಒಬ್ಬ ವಿಧವೆ ಆ ನೀರೇ ಬೇಕೆಂದು ಬಾಟಲಿಯಲ್ಲಿ ತರಿಸಿ ಕುಡಿಯುತ್ತಿದ್ದಳು. ಆ ಬಾವಿಯ ಪಕ್ಕದ ಮಲದ ಗುಂಡಿಯಿಂದ ಕಾಲರಾ ಒಳಗೆ ಸೋರಿತ್ತು. ಕೆಲವೇ ವಾರಗಳಲ್ಲಿ ಆ ಬೀದಿಯ ಸುತ್ತ ಆರುನೂರಕ್ಕೂ ಹೆಚ್ಚು ಜನ ಸತ್ತರು. ದೂರದಲ್ಲಿದ್ದ ಆ ವಿಧವೆಯೂ ಬಾಟಲಿಯ ನೀರು ಕುಡಿದು ಸತ್ತಳು. ಜಾನ್ ಸ್ನೋ ಎಂಬ ವೈದ್ಯ ಮನೆಮನೆಗೆ ಹೋಗಿ ಸತ್ತವರ ಲೆಕ್ಕ ಹಾಕಿ, ಬಹುಪಾಲು ಸಾವುಗಳು ಒಂದೇ ಪಂಪಿನ ಸುತ್ತ ನಿಂತಿರುವುದನ್ನು ತೋರಿಸಿ, ಪಂಪಿನ ಹಿಡಿಯನ್ನು ತೆಗೆಸಿದ.

ಅಷ್ಟು ದೂರವೇಕೆ? ನಮ್ಮ ನಾಡಿನಲ್ಲೇ ನಾರುಹುಣ್ಣು ಎಂಬ ರೋಗವಿತ್ತು. ಹಿರಿಯರು ಕಂಡಿರಬಹುದು. ಕಾಲಿನ ಹುಣ್ಣಿನಿಂದ ದಾರದಂಥ ಹುಳು ಹೊರಗೆ ಬರುತ್ತಿತ್ತು. ಮೆಟ್ಟಿಲು ಬಾವಿಗೆ ಇಳಿದು ಕಾಲು ಅದ್ದಿ ನೀರು ತುಂಬುವವರಿಂದ ಅದು ನೀರಿಗೆ ಸೇರಿ, ಆ ನೀರು ಕುಡಿದವರ ಮೈಗೆ ಬರುತ್ತಿತ್ತು. ಅದಕ್ಕೆ ಮದ್ದಿರಲಿಲ್ಲ, ಲಸಿಕೆ ಇರಲಿಲ್ಲ. ಮೆಟ್ಟಿಲು ಬಾವಿಯನ್ನು ಸೇದುವ ಬಾವಿ ಮಾಡಿದರು, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಲು ಕಲಿಸಿದರು. ೧೯೯೬ರಲ್ಲಿ ದೇಶದ ಕೊನೆಯ ರೋಗಿ ಕಂಡುಬಂದ. ೨೦೦೦ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದಲ್ಲಿ ಈ ರೋಗ ಇಲ್ಲವೆಂದು ಸಾರಿತು. ನೀರಿನ ದಾರಿಯನ್ನು ಕಾದದ್ದರಿಂದಲೇ ಒಂದು ಪಿಡುಗು ಹೋಯಿತು. ದಾರಿಯನ್ನು ಕಾಯದಿದ್ದರೆ ಏನಾಗುತ್ತದೆಂಬುದಕ್ಕೂ ಹಳೆಯ ಕಥೆ ಬೇಕಿಲ್ಲ. ೨೦೨೩ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಬಡವರು ಸತ್ತರು, ನೂರಾರು ಮಂದಿ ಆಸ್ಪತ್ರೆ ಸೇರಿದರು. ಅದು ನಲ್ಲಿಯ ನೀರು.

ಆದ್ದರಿಂದ ನೀರನ್ನು ಕಣ್ಣಿನಿಂದ ಅಳೆಯಬೇಡಿ. ಕುಡಿಯುವ ನೀರಿಗೆ ನಮ್ಮ ದೇಶದಲ್ಲಿ ಒಂದು ಅಳತೆಗೋಲಿದೆ. ಅದರ ಹೆಸರು ಐ.ಎಸ್. ೧೦೫೦೦. ನೂರು ಮಿಲಿಲೀಟರು ನೀರಿನಲ್ಲಿ ಮಲದ ರೋಗಾಣು ಒಂದೂ ಇರಕೂಡದು. ಲೀಟರಿಗೆ ಫ್ಲೋರೈಡು ಒಂದು ಮಿಲಿಗ್ರಾಂ, ಬೇರೆ ನೀರಿಲ್ಲದಿದ್ದರೆ ಒಂದೂವರೆ, ಮೀರಕೂಡದು. ಮೀರಿದರೆ ಹಲ್ಲು ಕಂದುತ್ತದೆ, ಮೂಳೆ ಬಾಗುತ್ತದೆ. ಪಾವಗಡದ, ಬಾಗೇಪಲ್ಲಿಯ ಜನರನ್ನು ಕೇಳಿದರೆ ಹೇಳುತ್ತಾರೆ. ಗೊಬ್ಬರದಿಂದ ಇಳಿಯುವ ನೈಟ್ರೇಟು ೪೫ ಮಿಲಿಗ್ರಾಂ ದಾಟಕೂಡದು. ಕರಗಿದ ಲವಣ ೫೦೦ ಮಿಲಿಗ್ರಾಮಿನೊಳಗಿದ್ದರೆ ಒಳ್ಳೆಯದು. ರೋಗಾಣುವಿದೆಯೇ ಎಂದು ನೋಡಲು ದೊಡ್ಡ ಪ್ರಯೋಗಶಾಲೆಗೇ ಹೋಗಬೇಕಾಗಿಲ್ಲ. ಮದ್ದು ಹಾಕಿದ ಸಣ್ಣ ಸೀಸೆ ಬರುತ್ತದೆ. ಅದಕ್ಕೆ ನೀರು ತುಂಬಿಟ್ಟರೆ, ರೋಗಾಣುವಿದ್ದಾಗ ಒಂದೆರಡು ದಿನದಲ್ಲಿ ಕಪ್ಪಾಗುತ್ತದೆ. ಕಪ್ಪಾದರೆ ಆ ನೀರನ್ನು ಕುಡಿಯಕೂಡದು. ಜಲಜೀವನ್ ಯೋಜನೆಯಲ್ಲಿ ಪ್ರತಿ ಹಳ್ಳಿಯ ಐದು ಮಂದಿ ಹೆಂಗಸರಿಗೆ ಈ ಪರೀಕ್ಷೆಯನ್ನು ಕಲಿಸಬೇಕೆಂದು ಇದೆ. ನಿಮ್ಮ ಊರಿನಲ್ಲಿ ಆ ಐವರು ಯಾರೆಂದು ಪಂಚಾಯಿತಿಯಲ್ಲಿ ಕೇಳಿ. ಅಲ್ಲಿಯವರೆಗೆ, ಸಂಶಯವಿದ್ದ ನೀರನ್ನು ಕುದಿಬಂದ ಮೇಲೆ ಒಂದು ನಿಮಿಷ ಕುದಿಸಿ, ಆರಿಸಿ, ಮುಚ್ಚಿಡಿ. ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡು ಹೋಗುವುದಿಲ್ಲ ಎಂಬುದೂ ನೆನಪಿರಲಿ.

ಒರತೆ ಇರುವ ಊರಿನವರು ಅದರ ಕಣ್ಣಿನ ಸುತ್ತ ಕಲ್ಲು ಕಟ್ಟಿ, ಮುಚ್ಚಿ, ಕೊಳವೆಯಿಂದ ಹಿಡಿಯಬೇಕು. ಮೇಲಿನ ಹರಿ ನೀರು ಬೀಳದ ಹಾಗೆ ಒಂದು ಚರಂಡಿ ತೋಡಬೇಕು. ದನ, ಬಟ್ಟೆ, ಪಾಯಿಖಾನೆ ಎಲ್ಲವೂ ದೂರವಿರಬೇಕು. ಗುಡ್ಡದ ಮೇಲ್ಬದಿಯಲ್ಲಾದರೆ ನೂರು ಅಡಿಯೂ ಸಾಲದೆನ್ನಿ. ಇಷ್ಟನ್ನು ಅಂದು ನಾವು ತಿಳಿದಿದ್ದರೆ ಆ ಹಮಾಲಿ ನಾಲ್ಕು ದಿನ ಆಸ್ಪತ್ರೆಯ ಜಗುಲಿಯಲ್ಲಿ ಕೂರಬೇಕಾಗಿರಲಿಲ್ಲ.

ಮೂರನೆಯ ಪ್ರಶ್ನೆ ಬಾಯಿಯದು. ಇದು ಎಲ್ಲಕ್ಕಿಂತ ಕಹಿಯಾದ ಪ್ರಶ್ನೆ.

೧೯೨೭ರ ಮಾರ್ಚ್ ೨೦ರಂದು ಡಾಕ್ಟರ್ ಅಂಬೇಡ್ಕರರು ಸಾವಿರಾರು ಜನರೊಂದಿಗೆ ಮಹಾಡಿನ ಚವದಾರ್ ಕೆರೆಗೆ ಇಳಿದು ಒಂದು ಬೊಗಸೆ ನೀರು ಕುಡಿದರು. ದನ ಕುಡಿಯಬಹುದಾದ ಕೆರೆಯಲ್ಲಿ ಮನುಷ್ಯ ಕುಡಿಯಬಾರದೆಂಬ ಕಟ್ಟನ್ನು ಮುರಿದರು. ಆಮೇಲೆ ಊರ ಮೇಲ್ಜಾತಿಯವರು ಸಗಣಿ ಗಂಜಲ ಸುರಿದು ಕೆರೆಯನ್ನು ‘ಶುದ್ಧಿ’ ಮಾಡಿದರು. ಹತ್ತು ವರ್ಷ ಮೊಕದ್ದಮೆ ನಡೆದು, ೧೯೩೭ರಲ್ಲಿ ಮುಂಬಯಿ ಹೈಕೋರ್ಟು ಅಂಬೇಡ್ಕರರ ಕಡೆಗೇ ತೀರ್ಪು ಕೊಟ್ಟಿತು. ಇದು ಹಳೆಯ ಕಥೆ ಎನ್ನುತ್ತೀರಾ? ಮಹಾಡಿನ ತೊಂಬತ್ತೈದು ವರ್ಷಗಳ ಮೇಲೆ, ೨೦೨೨ರ ನವೆಂಬರಿನಲ್ಲಿ, ನಮ್ಮದೇ ಚಾಮರಾಜನಗರ ತಾಲ್ಲೂಕಿನ ಹೆಗ್ಗೊಠಾರದಲ್ಲಿ ಮದುವೆಗೆಂದು ಬಂದಿದ್ದ ದಲಿತ ಹೆಣ್ಣುಮಗಳೊಬ್ಬಳು ಬೀದಿಯ ತೊಂಬೆಯ ನೀರು ಕುಡಿದಳು. ತೊಂಬೆಯ ನೀರನ್ನೆಲ್ಲ ಬಿಟ್ಟು ಗಂಜಲ ಹಾಕಿ ತೊಳೆದರೆಂಬ ಸುದ್ದಿ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಪೊಲೀಸರು ಮೊಕದ್ದಮೆ ಹೂಡಿದರು. ಅಧಿಕಾರಿಗಳು ಬಂದು ದಲಿತರನ್ನು ಕರೆದುಕೊಂಡು ಹೋಗಿ ಊರಿನ ನಲ್ಲಿಗಳಲ್ಲಿ ನೀರು ಕುಡಿಸಿದರು. ಬಾಯಾರಿದ ಒಂದು ಜೀವ ನೀರು ಕುಡಿದರೆ ಹೊಲಸಾಯಿತೆನ್ನುವವರು, ತೊಂಬೆಯ ತಳದಲ್ಲಿ ಪಾಚಿ ಕಟ್ಟಿದಾಗ ಎಷ್ಟು ಸಲ ತೊಳೆದಿದ್ದರು? ನೀರನ್ನು ಕೆಡಿಸುವುದು ಮಲ, ಮೂತ್ರ, ಗೊಬ್ಬರದ ವಿಷ. ಮನುಷ್ಯನ ಕೈ ಅಲ್ಲ. ಈ ಮಾತನ್ನು ಒಪ್ಪದವನಿಗೆ ನೀರಿನ ಶುದ್ಧಿಯ ಬಗ್ಗೆ ಮಾತನಾಡುವ ಯೋಗ್ಯತೆಯೇ ಇಲ್ಲ.

ಜಾತಿಯ ಬೀಗ ಒಂದಾದರೆ ಹಣದ ಬೀಗ ಇನ್ನೊಂದು. ಕೇರಳದ ಪಾಲಕ್ಕಾಡು ಜಿಲ್ಲೆಯ ಪ್ಲಾಚಿಮಾಡದಲ್ಲಿ ೨೦೦೦ದಲ್ಲಿ ತಂಪು ಪಾನೀಯದ ದೊಡ್ಡ ಕಾರ್ಖಾನೆಯೊಂದು ಶುರುವಾಯಿತು. ಅದು ನೆಲದ ನೀರನ್ನು ಎಳೆಯತೊಡಗಿದ ಮೇಲೆ ತಮ್ಮ ಬಾವಿಗಳು ಬತ್ತಿದವು, ಉಳಿದ ನೀರು ಬಾಯಿಗಿಡದ ಹಾಗಾಯಿತು ಎಂದು ಸುತ್ತಣ ಆದಿವಾಸಿಗಳು ದೂರಿದರು. ೨೦೦೨ರ ಏಪ್ರಿಲ್ ೨೨ರಂದು ಅವರು ಕಾರ್ಖಾನೆಯ ಬಾಗಿಲಲ್ಲಿ ಧರಣಿ ಕೂತರು. ಮಯಿಲಮ್ಮ ಎಂಬ ಆದಿವಾಸಿ ಹೆಂಗಸು ಮುಂದೆ ನಿಂತಳು. ಪಂಚಾಯಿತಿ ಪರವಾನಗಿ ಕೊಡಲು ಒಪ್ಪಲಿಲ್ಲ. ೨೦೦೪ರಲ್ಲಿ ಕಾರ್ಖಾನೆ ನಿಂತಿತು. ಒಂದು ಪಂಚಾಯಿತಿಯೂ ಒಂದಿಷ್ಟು ಹೆಂಗಸರೂ ಗಟ್ಟಿಯಾಗಿ ನಿಂತರೆ ಏನಾಗುತ್ತದೆಂಬುದಕ್ಕೆ ಇದು ಸಾಕ್ಷಿ.

ಈಗ ಬಾಟಲಿಗೆ ಬರೋಣ. ಚೀಟಿಯಲ್ಲಿರುವ ಸಣ್ಣ ಅಕ್ಷರವನ್ನು ಓದಿ. ಬಾಟಲಿ ನೀರಿಗೆ ಎರಡು ಬೇರೆ ಮಾನಕಗಳಿವೆ. ಐ.ಎಸ್. ೧೩೪೨೮ ಎಂದಿದ್ದರೆ ಅದು ನೆಲದೊಳಗಿನ ಮೂಲದಿಂದ ತೆಗೆದು, ಅದರ ಖನಿಜ ಕೆಡದ ಹಾಗೆ ಮೂಲದ ಬಳಿಯಲ್ಲೇ ತುಂಬಿದ ಮಿನರಲ್ ವಾಟರ್. ಆ ಮೂಲ ಒರತೆಯೂ ಆಗಬಹುದು, ಕೊರೆದ ಬಾವಿಯೂ ಆಗಬಹುದು. ಐ.ಎಸ್. ೧೪೫೪೩ ಎಂದಿದ್ದರೆ ಅದು ಬರಿಯ ಪ್ಯಾಕೇಜ್ಡ್ ಡ್ರಿಂಕಿಂಗ್ ವಾಟರ್. ಬಾವಿಯದೋ ಹೊಳೆಯದೋ ನಲ್ಲಿಯದೋ ಯಾವುದಾದರೊಂದು ನೀರನ್ನು ಸೋಸಿ, ಶುದ್ಧಮಾಡಿ ತುಂಬಿದ್ದು. ನಮ್ಮ ಅಂಗಡಿಗಳಲ್ಲಿ ಸಿಗುವುದು ಬಹುಮಟ್ಟಿಗೆ ಎರಡನೆಯದು. ಅದು ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಪ್ರಯಾಣದಲ್ಲಿ ಬೇಕಾಗುತ್ತದೆ. ಆದರೆ ಅದು ಚಿತ್ರದಲ್ಲಿರುವ ಬೆಟ್ಟದ ನೀರಲ್ಲ.

ಲೆಕ್ಕ ಹಾಕಿ. ಲೀಟರಿಗೆ ಇಪ್ಪತ್ತು ರೂಪಾಯಿ ಎಂದಿಟ್ಟುಕೊಂಡರೆ ಇಪ್ಪತ್ತು ಲೀಟರಿಗೆ ನಾನೂರು ರೂಪಾಯಿ. ಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಐದು ರೂಪಾಯಿ ನಾಣ್ಯ ಹಾಕಿದರೆ ಅದೇ ಇಪ್ಪತ್ತು ಲೀಟರು ಬರುತ್ತದೆ. ಎಂಬತ್ತು ಪಟ್ಟು ಅಂತರ! ಘಟಕ ಕೆಟ್ಟು ನಿಂತಿತೆನ್ನಿ, ಕ್ಯಾನಿನವನು ಮನೆಗೆ ತಂದುಕೊಡುತ್ತಾನೆ. ಮೂ‍ವತ್ತು ರೂಪಾಯಿ ಎಂದಿಟ್ಟುಕೊಂಡರೂ ತಿಂಗಳಿಗೆ ಒಂಬೈನೂರಾಯಿತು. ಘಟಕ ನಡೆಯುತ್ತಿದ್ದರೆ ನೂರೈವತ್ತು. ಉಳಿದ ಏಳುನೂರೈವತ್ತು ರೂಪಾಯಿ ಕೆಲಸಗಾರನ ಮೇಲೆ ಹಾಕಿದ ತೆರಿಗೆಯೇ ಸರಿ. ಅದನ್ನು ಯಾವ ಶಾಸನಸಭೆಯೂ ಹಾಕಿದ್ದಲ್ಲ, ಕೆಟ್ಟು ನಿಂತ ಘಟಕವೊಂದು ಹಾಕಿದ್ದು. ಅಲ್ಲದೆ, ಆ ಘಟಕವೂ ಪೂರ್ತಿ ಪರಿಹಾರವಲ್ಲ. ಅದು ಕೊಡುವ ಒಂದು ಕೊಡಕ್ಕೆ ಇನ್ನೊಂದು ಕೊಡವೋ ಎರಡೋ ಉಪ್ಪುನೀರಾಗಿ ಚರಂಡಿಗೆ ಹೋಗುತ್ತದೆ. ಕೊಳವೆಬಾವಿ ಆಳಕ್ಕೆ ಹೋದಷ್ಟೂ ನೀರು ಗಡುಸು, ನೀರು ಗಡುಸಾದಷ್ಟೂ ಯಂತ್ರ ಬೇಕು, ಯಂತ್ರ ನಡೆದಷ್ಟೂ ನೀರು ಪೋಲು. ಈ ಸುಳಿಯಿಂದ ಹೊರಗೆ ಬರಬೇಕಾದರೆ ಮತ್ತೆ ಬೆಟ್ಟದ ಕಡೆಗೆ, ಕೆರೆಯ ಕಡೆಗೆ ತಿರುಗಬೇಕು.

ಹಾಗಾದರೆ ಮಾಡಬೇಕಾದ್ದೇನು?

ಗಿರಣಿಯ ಕೆಲಸಗಾರ ಬಂಧುಗಳು ಮೊದಲು ತಮ್ಮ ಗಿರಣಿಯ ನಲ್ಲಿಯನ್ನು ನೋಡಲಿ. ೧೯೪೮ರ ಕಾರ್ಖಾನೆ ಕಾನೂನಿನ ಹದಿನೆಂಟನೆಯ ವಿಧಿಯಲ್ಲಿಯೇ ಕೆಲಸಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ‘ಕುಡಿಯುವ ನೀರು’ ಎಂದು ಬರೆದಿರಬೇಕು, ಪಾಯಿಖಾನೆಗೆ ಆರು ಮೀಟರಿನೊಳಗೆ ಇರಕೂಡದು ಎಂದಿತ್ತು. ಆ ಕಾನೂನಿನ ಜಾಗಕ್ಕೆ ಬಂದ ೨೦೨೦ರ ಸಂಹಿತೆಯಲ್ಲಿಯೂ ಕುಡಿಯಲು ಯೋಗ್ಯವಾದ ನೀರು ಒದಗಿಸುವ ಹೊಣೆ ಮಾಲೀಕನದೇ. ಕಾನೂನು ಬದಲಾಗಬಹುದು, ಬಾಯಾರಿಕೆ ಬದಲಾಗುವುದಿಲ್ಲ. ಮನೆಯಿಂದ ಸೀಸೆ ಹೊತ್ತು ಬರುವುದನ್ನು ಬಿಟ್ಟು, ನಲ್ಲಿಯ ನೀರಿನ ಪರೀಕ್ಷೆಯ ಚೀಟಿ ತೋರಿಸಿ ಎಂದು ಒಟ್ಟಾಗಿ ಕೇಳಿ.

ವ್ಯಾಪಾರಿ ಸೋದರರೆ, ಬಾಟಲಿ ಮಾರುವುದು ಪಾಪವೆಂದು ನಾವು ಹೇಳಲು ಬಂದಿಲ್ಲ. ನಿಮ್ಮ ಹೊಟ್ಟೆಪಾಡು ನಮಗೆ ಗೊತ್ತಿದೆ. ಆದರೆ ಇದೇ ರಸ್ತೆಯ ಆ ತುದಿಯಲ್ಲಿ ಏನಾಗಿದೆ ನೋಡಿ. ನೀಲಗಿರಿ ಜಿಲ್ಲೆಯಲ್ಲಿ ೨೦೧೯ರಿಂದ ಒಂದು ಲೀಟರು, ಎರಡು ಲೀಟರಿನ ಪ್ಲಾಸ್ಟಿಕ್ ನೀರಿನ ಬಾಟಲಿ ನಿಷೇಧವಾಗಿದೆ. ಇಲ್ಲಿ ಕೊಂಡ ಬಾಟಲಿಯನ್ನು ಅಲ್ಲಿ ಕಸಿದುಕೊಳ್ಳುತ್ತಾರೆ. ಅಲ್ಲಿಗೆ ಮುಟ್ಟದ ಬಾಟಲಿಗಳು ನಮ್ಮ ಕಾಡಂಚಿನಲ್ಲಿ ಬೀಳುತ್ತವೆ. ಬೇಸಿಗೆಯಲ್ಲಿ ದಾರಿಹೋಕರಿಗೆ ಅರವಟ್ಟಿಗೆ ಇಟ್ಟ ನಾಡು ನಮ್ಮದು. ಬೇವಿನ ಮರದಡಿ ಮಡಕೆ ಇಟ್ಟು, ನೀರು ಮಜ್ಜಿಗೆ ಕೊಟ್ಟು, ಜಾತಿ ಕೇಳದೆ ಕಳಿಸುತ್ತಿದ್ದ ಪುಣ್ಯವಂತರು ಇದ್ದರು. ಹತ್ತು ಅಂಗಡಿಯವರು ಸೇರಿ, ಪರೀಕ್ಷೆಯಾದ ನೀರಿನ ಒಂದು ತೊಟ್ಟಿ ಇಟ್ಟು, ಸ್ವಂತ ಸೀಸೆ ತಂದವರಿಗೆ ಪುಕ್ಕಟೆಯಾಗಿ ತುಂಬಿಕೊಡಿ. ನೀರಿಗೆ ನಿಂತ ಗಿರಾಕಿ ಕಾಫಿಯನ್ನೂ ಕುಡಿಯುತ್ತಾನೆ, ಬಾಳೆಹಣ್ಣನ್ನೂ ಕೊಳ್ಳುತ್ತಾನೆ.

ಊರಿನವರೆಲ್ಲ ಸೇರಿ ಪಂಚಾಯಿತಿಯನ್ನು ಮೂರು ವಿಷಯ ಕೇಳಬೇಕು. ಒಂದು, ಪ್ರತಿ ಬಾವಿ, ತೊಂಬೆ, ಘಟಕದ ನೀರಿನ ಪರೀಕ್ಷೆಯ ಫಲಿತಾಂಶವನ್ನು ಕಚೇರಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸಬೇಕು. ಎರಡು, ಕೂಲಿ ಕೆಲಸದ ಯೋಜನೆಯಲ್ಲಿ ಕೆರೆಯ ಹೂಳಿಗೂ ಕಾಡಿನ ಹೊರಗಿನ ಇಳಿಜಾರಿನ ಕಂದಕಕ್ಕೂ ಮೊದಲ ಸ್ಥಾನ ಕೊಡಬೇಕು. ಮೂರು, ಮನೆ ಮನೆಗೆ ನಲ್ಲಿ ಎಂದು ೨೦೧೯ರ ಆಗಸ್ಟ್ ೧೫ರಂದು ಸಾರಿ, ೨೦೨೪ರೊಳಗೆ ಮುಗಿಸುತ್ತೇವೆಂದು ಹೇಳಿ, ಈಗ ೨೦೨೮ಕ್ಕೆ ಮುಂದೂಡಿದ್ದಾರೆ. ತಲೆಗೆ ದಿನಕ್ಕೆ ೫೫ ಲೀಟರು ಎಂಬ ಆ ಮಾತು ನಮ್ಮ ಕೇರಿಯ ಕೊನೆಯ ಮನೆಗೆ ಯಾವಾಗ ಮುಟ್ಟುತ್ತದೆ? ಕೊನೆಯ ಮನೆ ಯಾರದೆಂದು ನಿಮಗೆ ಗೊತ್ತಿದೆ. ಅಲ್ಲಿಗೆ ಮುಟ್ಟಿದರೆ ಮಾತ್ರ ಊರಿಗೆ ಮುಟ್ಟಿದ ಹಾಗೆ.

ನಮ್ಮ ಮಾತು ಮುಗಿಯಿತು. ಒರತೆಯ ನೀರು ಒಳ್ಳೆಯದೇ? ಅದರ ಹುಟ್ಟನ್ನು ಉಳಿಸಿಕೊಂಡು, ದಾರಿಯನ್ನು ಕಾದು, ಬಾಯಿಯನ್ನು ಎಲ್ಲರಿಗೂ ತೆರೆದಿಟ್ಟರೆ ಅದಕ್ಕಿಂತ ಒಳ್ಳೆಯ ನೀರಿಲ್ಲ. ಈ ಮೂರರಲ್ಲಿ ಒಂದು ತಪ್ಪಿದರೂ ಅದು ಬಾಟಲಿಯ ಮೇಲಿನ ಚಿತ್ರವೇ.

ಆ ಹಮಾಲಿ ನಮ್ಮನ್ನು ಕೇಳಿದ ಪ್ರಶ್ನೆಯನ್ನು ನಿಮಗೆ ಒಪ್ಪಿಸಿ ಕೂರುತ್ತೇವೆ. ನೀರು ಕೊಡುವವರು ಯಾರೇ ಆಗಲಿ, ಪಂಚಾಯಿತಿಯಾಗಲಿ ಸರ್ಕಾರವಾಗಲಿ ಮಾಲೀಕನಾಗಲಿ ಕಂಪನಿಯಾಗಲಿ ಮೇಷ್ಟರಾಗಲಿ, ಅವರ ಮುಂದೆ ನಿಂತು ಕೇಳಿ: ‘ನೀವೇ ಕುಡೀರಿ ಅಂದ್ರಂತೆ, ನಿಜವಾ?’ ಕೈ ಮುಗಿದು ಬೇಡ. ತಲೆ ಎತ್ತಿ ಕೇಳಿ.